ಕೈಗೆ ಬಾರದ ಇಪ್ಪತ್ತನಾಲ್ಕು

ರಾತ್ರಿ ಎರಡೂ ಹತ್ತಕ್ಕೆ ಒಂಬತ್ತನೇ ಕಾಟಿನ ಮಾನಿಟರ್ ಕೂಗಿತು.
ಓಡಿದೆ. ತೆರೆಯ ಮೇಲೆ ಗೆರೆ ಚೆಲ್ಲಾಪಿಲ್ಲಿ,
ಬೆಕ್ಕು ಆಡಿ ಬಿಟ್ಟ ನೂಲಿನುಂಡೆ.
ಪೇಷಂಟ್ ಮಾತ್ರ ಎದ್ದು ಕೂತು ಬೆನ್ನು ತುರಿಸಿಕೊಳ್ಳುತ್ತಿದ್ದರು.
ಎದೆಗೆ ಅಂಟಿಸಿದ ಪಟ್ಟಿಯೊಂದು ಬೆವರಿಗೆ ಬಿಟ್ಟು
ಅಂಗಿಯೊಳಗೆ ಜೋತಾಡುತ್ತಿತ್ತು.
ಮೊದಲು ಮುಖ ನೋಡು, ಆಮೇಲೆ ಟೀವಿ,
ಎನ್ನುತ್ತಿದ್ದರು ಟ್ರೇನಿಂಗಿನಲ್ಲಿ ನಮ್ಮ ಬಾಯಿ.
ಒರೆಸಿ ಹೊಸದು ಹಚ್ಚಿದೆ.

ಗದ್ದಲ ನಿಂತಿತು. ಗೆರೆ ಸರಿಯಾಗಲಿಲ್ಲ.
ಮೊನೆಯಿಂದ ಮೊನೆಗೆ ಎರಡು ಬೆರಳು, ನಾಲ್ಕು,
ಮತ್ತೆ ಒಂದೂವರೆ. ಪ್ರತಿ ಮೊನೆಗೆ ಮುಂಚೆ
ಬರಬೇಕಾದ ಸಣ್ಣ ದಿಬ್ಬ ಎಲ್ಲೂ ಇಲ್ಲ,
ಆ ಜಾಗದಲ್ಲಿ ಬರೀ ನಡುಕ.

ಚನವೀರಪ್ಪ ಮೈಂದರಗಿ, ಅರವತ್ತೆರಡು.
ಕ್ಯಾಜುವಲ್ಟಿಯಿಂದ ಈಗಷ್ಟೇ ಮೇಲೆ ಬಂದವರು,
ಚೀಟಿಯಲ್ಲಿದ್ದದ್ದು ಸುಸ್ತು, ತಲೆಸುತ್ತು.
ಅಕ್ಕಲಕೋಟ ರೋಡಿನ ಪವರ್‌ಲೂಮಿನಲ್ಲಿ
ಮೂವತ್ತೆಂಟು ವರ್ಷ ಟಾವೆಲ್ ನೇಯ್ದು ಕಿವಿ ಅರ್ಧ ಹೋಗಿದೆ.
ಕೂಗಿ ಕೇಳಿದೆ: "ಎದಿ ಹೆಂಗನಸ್ತದ್ರೀ ಕಾಕಾ?"
"ಲಾಳಿ ತಪ್ಪಲಿಕತ್ತದ ನೋಡವ್ವ.
ಸಪ್ಪಳಾ ಆಗ್ತದ. ಅರಿವಿ ಆಗವಲ್ದು."

ವೈಜಯಂತಾಳನ್ನು ಕರೆದೆ.
ಅವಳ ಸ್ಟೆತ್ ಎಡ ಎದೆಯ ಕೆಳಗೆ, ಐದನೇ ಪಕ್ಕೆಲುಬಿನ ಸಂದಿಗೆ.
ನನ್ನ ಮೂರು ಬೆರಳು ಮಣಿಕಟ್ಟಿಗೆ.
ಗೋಡೆಯ ಗಡಿಯಾರ ಒಂದೇ. ಕೆಂಪು ಮುಳ್ಳು
ಹನ್ನೆರಡು ಮುಟ್ಟಿದಾಗ ಅವಳು "ಹಂ" ಅಂದಳು.
ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ
ಸುಳ್ಳು ಹೇಳುವ ಎದೆ ಇದು. ಪೂರ್ತಿ ನಿಮಿಷ ಬೇಕು.

ಅವಳು ಮರಾಠಿಯಲ್ಲಿ, ನಾನು ಕನ್ನಡದಲ್ಲಿ, ತುಟಿ ಅಲುಗದೆ.
ನೂರು ದಾಟಿದರೆ ಕನ್ನಡ ಕೈಕೊಡುತ್ತದೆ:
ನೂರಾ ಒಂದು ಅನ್ನುವಷ್ಟರಲ್ಲಿ
ನೂರಾ ಎರಡು ಹೋಗಿರುತ್ತದೆ.
ನಾಗಣಸೂರಿನ ಸಾಲಿಯಲ್ಲಿ ಮಗ್ಗಿ ತಪ್ಪಿದರೆ
ಅಂಗೈ ಕೆಂಪಾಗುತ್ತಿತ್ತು. ಈಗ ನನ್ನದೇ ಕಾಯಿದೆ:
ನೂರಕ್ಕೆ ಎಡಗೈಯ ಬೆರಳೊಂದು ಮಡಚಿ
ಮತ್ತೆ ಒಂದರಿಂದ.

ಅವಳದು ನೂರಾ ಮೂವತ್ತೆರಡು. ನನ್ನದು ನೂರಾ ಎಂಟು.
ಭಾಷೆಯ ತಪ್ಪಿರಬಹುದೇ? ಜಾಗ ಬದಲಿಸಿದೆವು,
ಎದೆ ನನಗೆ, ಕೈ ಅವಳಿಗೆ.
ನೂರಾ ಮೂವತ್ತು. ನೂರಾ ಆರು.
ಮರಾಠಿಯಲ್ಲೂ ಕನ್ನಡದಲ್ಲೂ
ಇಪ್ಪತ್ತನಾಲ್ಕು ಕಾಣೆ.

ತುಂಬುವ ಮೊದಲೇ ಹಿಂಡಿಕೊಂಡ ಎದೆ ಅದು.
ಏಟು ಇದೆ, ಆ ಏಟಿನಲ್ಲಿ ರಕ್ತವಿಲ್ಲ.
ಪುಸ್ತಕದಲ್ಲಿ ಇದಕ್ಕೆ ಒಂದೂವರೆ ಪುಟ.
ಕಾಕಾ ಆಗಲೇ ಹೇಳಿ ಮುಗಿಸಿದ್ದರು.

ಬಿಪಿ ನೂರರ ಮೇಲೇ ಇತ್ತು. ಎರಡೂ ಕೈ ಎತ್ತಿಸಿದೆ.
ನಗಿಸಿದೆ, ತುಟಿ ಓರೆಯಾಗಲಿಲ್ಲ.
ಮಂಚದ ತಲೆ ಏರಿಸಿ, ಈಸಿಜಿ ತೆಗೆದು ಡಾಕ್ಟರಿಗೆ ಫೋನ್.
ನಿದ್ದೆಗಣ್ಣಲ್ಲೇ ಅವರು ಕೇಳಿದ್ದು ಒಂದೇ:
ಯಾವಾಗಿನಿಂದ?
ಅದು ಯಾವ ತೆರೆಯ ಮೇಲೂ ಇರುವುದಿಲ್ಲ.
ಮತ್ತೆ ಕಿವಿಗೆ ಬಾಗಿ ಕೂಗಿದೆ.
"ಬ್ಯಾಸ್ತ್ವಾರ, ಎರಡನೇ ಪಾಳಿ. ಬೀಮ್ ಬದಲ್ ಮಾಡುವಾಗ.
ಯಾರಿಗೂ ಹೇಳಲಿಲ್ಲವ್ವ,
ಲೂಮ್ ನಿಂತ್ರ ರೊಕ್ಕ ಕಡೀತಾರ."

ರವಿವಾರ ಕಳೆದು ಸೋಮವಾರ ಹುಟ್ಟಿದೆ.
ಮೂರು ದಿನ. ಎಲ್ಲೋ ಹೆಪ್ಪುಗಟ್ಟಿ ಕೂತಿರಬಹುದು,
ಶಾಕ್ ಬೇಡ, ಎಂದರು ಡಾಕ್ಟರ್. ವೇಗ ಇಳಿಸು,
ಗಟ್ಟಿಯಾಗದ ಹಾಗೆ ಇನ್ನೊಂದು ಮದ್ದು. ನಾನು ಹೊರಟೆ.

ಸಿರಿಂಜು ನಿಧಾನ ಒತ್ತಿದೆ. ಕಣ್ಣು ಗೆರೆಯ ಮೇಲೆ,
ಕಿವಿ ಅವರ ಉಸಿರಿನ ಮೇಲೆ.
ವೈಜಯಂತಾ ಸುಮ್ಮನೆ ಕೈ ಹಿಡಿದು ನಿಂತಿದ್ದಳು,
ಎಣಿಸುತ್ತಿದ್ದಳೋ ಇಲ್ಲವೋ ಕೇಳಲಿಲ್ಲ.

ಐದಕ್ಕೆ ಮತ್ತೆ ಎಣಿಸಿದೆವು. ತೊಂಬತ್ತನಾಲ್ಕು, ತೊಂಬತ್ತು.
ಲಯ ಇನ್ನೂ ಕೆಟ್ಟದ್ದೇ, ಅವಸರ ಬಿಟ್ಟಿದೆ ಅಷ್ಟೆ.
ಎದೆ, ಕೈ, ವ್ಯತ್ಯಾಸ. ಮೂರು ಅಂಕಿ ಬರೆದು ಸಹಿ ಹಾಕಿದೆ.
"ಎಷ್ಟವ್ವ?"
"ನಾಕು ಕಡಿಮಿ, ಕಾಕಾ."
"ನಾಕು ಎಳಿ ತಪ್ಪಿದ್ರ ಮಾಲ್ ಪಾಸ್ ಮಾಡ್ತಾರ,"
ಎಂದು ಮಗ್ಗುಲು ಹೊರಳಿದರು.
ಪಟ್ಟಿ ಕಿತ್ತಿತು. ಮಾನಿಟರ್ ಕೂಗಿತು.

ಮುಖ ನೋಡಿದೆ.
ಗೊರಕೆ.