ಮದ್ದು

ಅಜ್ಜಿಗೆ ಸೋಮವಾರವೆಂದರೆ ತಲೆನೋವು.
ಸಬೂಬಲ್ಲ, ನಿಜದ ನೋವು:
ಹುಬ್ಬಿನ ಹಿಂದೆ ಯಾರೋ ಗುದ್ದಲಿ ಹಿಡಿದು ಅಗೆದ ಹಾಗೆ.

ಸ್ಕಾಟ್‌ಲೆಂಡಿನ ಪಡುವಣ ಕರಾವಳಿ, ಮದ್ದಿನ ಕಾರ್ಖಾನೆ.
ಮರಳ ದಿಬ್ಬದ ಮರೆಗೊಂದು ಗುಡಿಸಲು,
ಗುಡಿಸಲಿಗೆ ನಾಲ್ಕೇ ಹೆಂಗಸರು,
ಒಂದು ಸಿಡಿದರೆ ಇನ್ನೊಂದಾದರೂ ಉಳಿಯಲಿ ಎಂದು
ನಡುವೆ ಮಣ್ಣಿನ ಏರಿ.
ಗೇಟಿನಲ್ಲಿ ತಡಕುತ್ತಿದ್ದರಂತೆ: ಬೆಂಕಿಕಡ್ಡಿ, ಹೇರ್‌ಪಿನ್ನು,
ಬೂಟಿನಡಿಯ ಮೊಳೆ.
ಎಫೀ ಮ್ಯಾಕ್‌ಕ್ರಿಂಡಲ್, ಹತ್ತೊಂಬತ್ತು ವರ್ಷ,
ನೂಲಿನ ಲಾಡಿಯಲ್ಲಿ ಕೂದಲು ಬಿಗಿದು
ಡೈನಮೈಟಿನ ಕಣಕವನ್ನು ಕಾಗದದ ಕೊಳವೆಗೆ ತುಂಬುತ್ತ
ಮೈಯ ಕೊಳವೆಗಳ ಸುದ್ದಿ ಅರಿಯದವಳು.

ಅದು ಬೆರಳಿನಿಂದಲೇ ಒಳಗೆ ಬರುತ್ತಿತ್ತು.
ಚರ್ಮವನ್ನು ಕೇಳದೆ, ಬಾಗಿಲು ತಟ್ಟದೆ
ನೆತ್ತರಿಗಿಳಿದು ಊರೆಲ್ಲ ಸಾರುತ್ತಿತ್ತು ಒಂದೇ ಮಾತು:
ಸಡಿಲ ಬಿಡಿ.
ತಲೆಯ ನಾಳಗಳು ಹಿಗ್ಗಿ ಹಿಗ್ಗಿ
ಮಿಡಿದದ್ದೆಲ್ಲ ಚರ್ಚಿನ ಗಂಟೆ.

ಬುಧವಾರಕ್ಕೆ ಎಲ್ಲ ಸರಿ. ಮೈ ಕಲಿತುಬಿಡುತ್ತದೆ:
ಮದ್ದು ಸಡಿಲಿಸಿದಷ್ಟೂ ತಾನು ಬಿಗಿಯುತ್ತದೆ,
ಹಗ್ಗಜಗ್ಗಾಟದಲ್ಲಿ ಎರಡೂ ಕಡೆ ಸಮಬಲ ನಿಂತು
ಹಗ್ಗ ಅಲ್ಲಾಡದ ಹಾಗೆ.
ಶನಿವಾರ ಕೈ ತೊಳೆದು ಮನೆಗೆ ಬಂದರೆ
ಆ ಕಡೆಯವರು ಹಗ್ಗ ಬಿಟ್ಟುಬಿಡುತ್ತಾರೆ.
ಈ ಕಡೆಯವರು ಮಾತ್ರ ಜಗ್ಗುತ್ತಲೇ ಇರುತ್ತಾರೆ,
ಅಭ್ಯಾಸಬಲ.

ಮೇಸ್ತ್ರಿ ಆರ್ಚೀ ಗಿಲಂಡರ್ಸ್‌ಗೆ ಇದು ಗೊತ್ತಿತ್ತು.
ಟೋಪಿಯ ಒಳಪಟ್ಟಿಗೆ ಚಿಟಿಕೆಯಷ್ಟು ಸವರಿಕೊಂಡು
ಭಾನುವಾರವೂ ಹಣೆಯಿಂದ ಮದ್ದು ಕುಡಿಯುತ್ತಿದ್ದ,
ವಾರವಾರವೂ ತನ್ನೆದೆಗೆ ತಾನೇ ಟೋಪಿ ಹಾಕುತ್ತ.
ಈಸ್ಟರಿಗೆ ಹೆಂಡತಿ ಹೊಸ ಟೋಪಿ ತಂದಳು.
ಪ್ರಾರ್ಥನೆಯ ನಡುವೆ, ಮೂರನೆಯ ಬೆಂಚಿನಲ್ಲಿ
ಎದೆ ಹಿಡಿದುಕೊಂಡವನು ಮತ್ತೆ ಏಳಲಿಲ್ಲ.
ಡಾಕ್ಟರು ಬರೆದದ್ದು: ಹೃದಯ.
ಅಜ್ಜಿ ಹೇಳುತ್ತಿದ್ದದ್ದು: ಟೋಪಿ.

ಈಗ ನಾನು ಡಂಡೀ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ಎರಡು ತಂತಿಗಳ ನಡುವೆ ಒಂದು ಉಂಗುರ ತೂಗುಹಾಕಿದ್ದೇನೆ,
ಬೈಪಾಸಿನಲ್ಲಿ ಮಿಕ್ಕ ಧಮನಿಯ ಚೂರು, ಬಳೆಗಾಜಿನ ತುಣುಕಿನಷ್ಟು.
ಅದರ ಒಡೆಯ ಮೇಲೆ ನಾಲ್ಕನೆಯ ಮಹಡಿಯಲ್ಲಿ
ಗಂಜಿ ಬೇಡವೆಂದು ನರ್ಸಿನೊಡನೆ ಜಗಳವಾಡುತ್ತಿರಬಹುದು.
ಬೆಚ್ಚನೆಯ ಉಪ್ಪುನೀರು, ಗುಳುಗುಳು ಗಾಳಿ.
ನಾರಡ್ರಿನಲಿನ್ ಒಂದು ಹನಿ:
ಭಯ ಬಂತೆಂದು ಯಾರೋ ಕೂಗಿದ ಹಾಗೆ
ಉಂಗುರ ಮುಷ್ಟಿಯಾಗುತ್ತದೆ. ಪರದೆಯ ಗೆರೆ ಗುಡ್ಡ ಹತ್ತುತ್ತದೆ.
ಅಸೆಟೈಲ್‌ಕೋಲಿನ್ ಒಂದು ಹನಿ.
ಕಾಯಬೇಕು.
ಕೇಳಿಸಿಕೊಳ್ಳುವುದು ಸ್ನಾಯುವಲ್ಲ, ಅದರ ಒಳಗಿನ ಅಸ್ತರಿ,
ಒಂದೇ ಒಂದು ಕೋಶದಷ್ಟು ತೆಳು, ಈರುಳ್ಳಿಯ ಪೊರೆಗಿಂತ ತೆಳು.
ಅದು ಪಕ್ಕದ ಮನೆಯವಳ ಹಾಗೆ ಗೋಡೆಗೆ ಬಾಯಿಟ್ಟು
ಒಂದು ಅನಿಲವನ್ನು ಉಸುರುತ್ತದೆ.
ಕೆಲವೇ ಕ್ಷಣದ ಆಯುಸ್ಸು ಅದಕ್ಕೆ. ಸಾಕು.
ಗೆರೆ ಇಳಿಯುತ್ತದೆ.

ಇವತ್ತು ಇಳಿಯಲಿಲ್ಲ.
ಚಿಮಟ ಜಾರಿ ಒಳಮೈ ಉಜ್ಜಿಬಿಟ್ಟಿದ್ದೆ.
ಪೊರೆ ಹೋಗಿದೆ, ಆಡುವವಳಿಲ್ಲ,
ಸ್ನಾಯು ಕಿವುಡಾಗಿ ಬಿಗಿದೇ ಕೂತಿದೆ.

ಕಪಾಟಿನಲ್ಲಿ ಕಂದು ಸೀಸೆ. ನೈಟ್ರೋಗ್ಲಿಸರಿನ್.
ಅಜ್ಜಿಯ ಕಣಕದ ಜೀವ, ನೀರಿನಲ್ಲಿ ನೂರು ಸಲ ತೆಳುಮಾಡಿ
ಸಿಡಿಯುವುದನ್ನು ಮರೆಸಿದ್ದು.
ಪೊರೆ ಇರಲಿ ಬಿಡಲಿ, ಅದು ನೇರ ಸ್ನಾಯುವಿನೊಳಕ್ಕೇ ನುಗ್ಗಿ
ಅದೇ ಅನಿಲವಾಗುತ್ತದೆ.
ಒಂದು ಹನಿ ಬಿಟ್ಟೆ.
ಗೆರೆ ತುದಿಯಲ್ಲಿ ತುಸು ತಡವರಿಸಿ,
ಇಳಿಜಾರಿನಲ್ಲಿ ಮಗು ಓಡಿದ ಹಾಗೆ.

ಎಂಬತ್ತೊಂದರಲ್ಲಿ ಅಜ್ಜಿಗೂ ಎದೆ ಹಿಡಿಯತೊಡಗಿತ್ತು.
ಮೊದಲ ಗುಳಿಗೆ ನಾಲಗೆಯಡಿ ಇಟ್ಟುಕೊಂಡು
ಕಣ್ಣು ಮುಚ್ಚಿ ಚಪ್ಪರಿಸಿದಳು, ಸಿಹಿ.
ಎದೆ ಬಿಟ್ಟಿತು. ಹಣೆ ಸಿಡಿಯತೊಡಗಿತು.
ಎರಡೂ ಕೈಯಲ್ಲಿ ತಲೆ ಹಿಡಿದು ನಗುತ್ತ ಕೇಳಿದಳು,
"ಏನೇ, ಇವತ್ತು ಸೋಮವಾರವಾ?"

ಗುರುವಾರ.
ಕಿಟಕಿಯಾಚೆ, ಕಾರ್ಖಾನೆ ಇದ್ದ ಕಡೆ
ಗಾಳಿ ಮರಳನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತಿತ್ತು.