ಬಾಕಿ ಹದಿಮೂರು

ಟಿಕೆಟ್ಟಿನ ಬೆನ್ನಿಗೆ ನಾನೇ ಬರೆದುಕೊಟ್ಟಿದ್ದೆ, ಹದಿಮೂರು.
ಕುಶಾಲನಗರದಲ್ಲಿ ಹತ್ತಿದ ಮುದುಕ
ಮಡಿಕೇರಿಯಲ್ಲಿ ಬಾಕಿ ಕೇಳದೆ ಇಳಿದುಹೋದ.
ತೊಡೆಯ ಮೇಲೆ ರಟ್ಟಿನ ಡಬ್ಬ, ಡಬ್ಬದೊಳಗೆ ಗಾಜಿನ ಸದ್ದು,
ಅಷ್ಟೇ ನೆನಪು.

ಎಂಟು ದಿನ ಆ ಚಿಲ್ಲರೆ
ಚೀಲದ ಬೇರೆಯೇ ಅರೆಯಲ್ಲಿ ಕೂತು
ನನ್ನನ್ನೇ ನೋಡುತ್ತಿತ್ತು.
ಕಡೆಗೊಂದು ಮಂಗಳವಾರ, ಕುಶಾಲನಗರದ ಬಸ್‌ನಿಲ್ದಾಣದ ಹಿಂದಿನ ಓಣಿ,
ತೂಗುಬಿಟ್ಟ ಸ್ವೆಟರುಗಳ ನಡುವೆ ಅದೇ ಕನ್ನಡಕ.
ಪೆನ್ಪಾ ಎಂದ. ಅಂದರೆ ಶನಿವಾರ,
ಅವರಲ್ಲಿ ಹುಟ್ಟಿದ ದಿನವೇ ಹೆಸರಾಗುವುದುಂಟಂತೆ.
ಹದಿಮೂರನ್ನೂ ಎಣಿಸಿ ಎಣಿಸಿ ಇಟ್ಟುಕೊಂಡ,
ಆಮೇಲೆ ಒಂದು ಕಪ್ಪು ಶೀಸೆಯನ್ನು
ರೂಪಾಯಿಯೂ ಬಿಡದೆ ನನಗೆ ಮಾರಿದ.
ಉಪಾಯ ಮಾತ್ರ ಬಿಟ್ಟಿ:
"ಒಲೆ ಆರಿಸಿ. ಆಮೇಲೆ ಹಾಕಿ. ಮುಚ್ಚಳದಲ್ಲಿ ಅರ್ಧ."

ಅತ್ತೆ ಮೂಸಿ ನೋಡಿ,
"ಎಳ್ಳೆಣ್ಣೆಯೇ ಹೌದು, ಯಾರೋ ಸೀಯಿಸಿದ್ದಾರೆ" ಅಂದರು.
ಅವರ ಲೆಕ್ಕದಲ್ಲಿ ಎಳ್ಳೆಣ್ಣೆಗೆ ಎರಡೇ ನಿಲ್ದಾಣ:
ಶನಿವಾರ ದೇವರ ಮುಂದಿನ ಬತ್ತಿ,
ಉಳಿದ ದಿನ ಅವರ ಮಂಡಿ.
ಬಾಣಲೆಗೆ ಬಸ್ಸಿಲ್ಲ.

ನಾನೂ ಮೊದಲ ಸಲ ಹೇಳಿದ್ದನ್ನು ಮರೆತು
ಒಗ್ಗರಣೆಯೆಂದೇ ಸುರಿದೆ, ಸಾಸಿವೆ ಬೇರೆ.
ಹೊಗೆ ಎದ್ದು, ನಿಹಾರಿ ಕೆಮ್ಮಿ,
ಪಕ್ಕದ ಮನೆಯ ಸಫಿಯಾ ಕಿಟಕಿಯಿಂದ ಕೂಗಿ,
ಆ ರಾತ್ರಿ ಮಜ್ಜಿಗೆಯನ್ನ, ಉಪ್ಪಿನಕಾಯಿ.
ಹೊಸರುಚಿಗೆ ಎಳ್ಳುನೀರು ಬಿಟ್ಟ ಹಾಗೇ ಅಂದುಕೊಂಡೆ.

ಆದರೆ ದುಡ್ಡು ಕೊಟ್ಟು ತಂದ ಶೀಸೆ.

ಈಗ ಹೀಗೆ:
ಡಿಪೋದಲ್ಲಿ ಲೆಕ್ಕ ಒಪ್ಪಿಸಿ ಏಳೂವರೆಗೆ ಸುಂಟಿಕೊಪ್ಪದಲ್ಲಿ ಇಳಿದರೆ
ಕಾಲೊಳಗೆ ಇನ್ನೂ ಬಸ್ಸು ಓಡುತ್ತಿರುತ್ತದೆ,
ಆನೆಕಾಡಿನ ತಿರುವಿಗೆ ಅಡುಗೆಮನೆ ವಾಲುತ್ತದೆ.
ಬೆಳಗಿನ ನೂಪುಟ್ಟು ಡಬ್ಬದಲ್ಲಿ ಗಟ್ಟಿಯಾಗಿದೆ.
ಬೆರಳಲ್ಲೇ ಬಿಡಿಸುತ್ತೇನೆ, ಮಗಳ ಸಿಕ್ಕುಗೂದಲಿನ ಹಾಗೆ,
ಆದರೆ ಬೈಯದೆ.
ಊರ ಹೆಸರಲ್ಲೇ ಶುಂಠಿಯ ವಾಸನೆ, ಮನೆಯಲ್ಲಿ ಮಾತ್ರ ಇರುವುದಿಲ್ಲ;
ಸಫಿಯಾಳ ಕಿಟಕಿಯಿಂದ ಒಂದು ತುಂಡು ಬರುತ್ತದೆ.
ಬೆಳ್ಳುಳ್ಳಿ, ಎಲೆಕೋಸು, ಎರಡು ಜೀರಿಗೆಮೆಣಸು,
ಮೊಟ್ಟೆ ಇದ್ದರೆ ಮೊಟ್ಟೆ.
ಸೋಯಾ ಸಾಸು ತರಲು ಮರೆತ ದಿನ ಸಿಕ್ಕ ಒಳದಾರಿ:
ಕಾಚಂಪುಳಿ ನಾಲ್ಕು ಹನಿ, ಚೂರು ಬೆಲ್ಲ, ಉಪ್ಪು.
ಹಂದಿಮಾಂಸಕ್ಕೆಂದೇ ಹುಟ್ಟಿದ್ದು ಎಂದು ನಂಬಿದ್ದ ಆ ಕಪ್ಪು ಹುಳಿ
ಎಲೆಕೋಸಿನ ಪಕ್ಕ ಜಗಳವಿಲ್ಲದೆ ಕೂತುಬಿಟ್ಟಿತು,
ಕೊನೆಯ ಬಸ್ಸಿನಲ್ಲಿ ಮೂವರ ಸೀಟಿಗೆ
ನಾಲ್ಕನೆಯವರು ಕೂರುವ ಹಾಗೆ.

ದೊಡ್ಡ ಉರಿ, ಸ್ವಲ್ಪವೇ ಹೊತ್ತು.
ಆಮೇಲೆ ಒಲೆಯ ಕಿವಿ ಹಿಂಡಿ ಸುಮ್ಮನೆ ನಿಲ್ಲುತ್ತೇನೆ.
ಇದೇ ನನಗೆ ಬಾರದ ವಿದ್ಯೆ.
ಎಣ್ಣೆ ಎಂದರೆ ಬೆಂಕಿ, ಚಟಪಟ, ಮುಖಕ್ಕೆ ಹಾರುವ ಸಾಸಿವೆ,
ಎಣ್ಣೆ ಎಂದರೆ ರೈಟ್ ರೈಟ್ ಎಂದು ಹೊರಡುವುದು.
ಇದೋ, ಎಲ್ಲರೂ ಇಳಿದ ಮೇಲೆ
ಖಾಲಿ ಬಸ್ಸಿನಲ್ಲಿ ಒಂದು ಸುತ್ತು ನಡೆದು
ಯಾರಾದರೂ ಏನಾದರೂ ಮರೆತರಾ ಎಂದು ನೋಡುವ ಹೊತ್ತಿನದು.
ಮುಚ್ಚಳದಲ್ಲಿ ಅರ್ಧ.
ಹುರಿದ ಎಳ್ಳು ಮನೆತುಂಬ ಎದ್ದು ನಿಲ್ಲುತ್ತದೆ.

ಅತ್ತೆ ತಿನ್ನುತ್ತಾರೆ. ಚೆನ್ನಾಗಿದೆ ಎನ್ನುವುದಿಲ್ಲ.
ತಟ್ಟೆಯ ಅಂಚಿನ ಎಣ್ಣೆಯನ್ನು ಬೆರಳಲ್ಲಿ ಒರೆಸಿ,
ಕೈ ತೊಳೆಯಲು ಸ್ವಲ್ಪ ತಡಮಾಡುತ್ತಾರೆ.

ಹೋದ ಶನಿವಾರ ದೀಪದೆಣ್ಣೆ ಮುಗಿದಿತ್ತಂತೆ.
ನಾನು ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ
ಹೊಟ್ಟೆ ಹಸಿಯಿತು.
ಒಳಗೆ ಒಲೆ ತಣ್ಣಗಿದೆ, ಬಾಣಲೆ ಬೋರಲು.
ನಿಹಾರಿ ತಟ್ಟೆ ಹಿಡಿದು
ದೇವರ ಗೂಡಿನ ಮುಂದೆ ನಿಂತಿದ್ದಾಳೆ.
ಅತ್ತೆ ನನ್ನ ಮುಖ ನೋಡಲಿಲ್ಲ,
ಬತ್ತಿ ಸರಿಮಾಡುತ್ತ ಅಂದರು:
"ಮುಚ್ಚಳದಲ್ಲಿ ಅರ್ಧ. ಅಷ್ಟೇ ಹಾಕಿದ್ದು."