ಐನೂರ ನಲವತ್ತು

ಟೊಲೀಡೊದಲ್ಲಿ ಶಾಲೆ ಬಸ್ಸು ಓಡಿಸುವ ವರ್ಲೀನ್
ಬ್ಯಾಂಕಿಗೆ ಇನ್ನೂರು ಡಾಲರ್ ಒತ್ತೆಯಿಟ್ಟು
ತನ್ನದೇ ದುಡ್ಡನ್ನು ತಾನೇ ಸಾಲ ತರುತ್ತಾಳೆ.

ತಿಂಗಳಿಗೊಮ್ಮೆ ಪೆಟ್ರೋಲು, ಅಷ್ಟೇ.
ಹನ್ನೊಂದನೇ ತಾರೀಖಿಗೆ ತೀರಿಸಿ
ರಶೀದಿಯನ್ನು ಬಿಸ್ಕತ್ತಿನ ಡಬ್ಬಿಗೆ ಹಾಕಿ
ಮುಚ್ಚಳ ಒತ್ತುತ್ತಾಳೆ, ಟಪ್.
ಐನೂರ ಹನ್ನೆರಡಿದ್ದ ಅಂಕ
ಈಗ ಐನೂರ ನಲವತ್ತು.

ಬಿಟ್ಟುಹೋದ ಗಂಡನ ದೋಣಿ ಮೋಟಾರು
ಇವಳ ಹೆಸರಲ್ಲಿ ಇನ್ನೂ ಗುಡುಗುತ್ತಿದೆ.
ನನ್ನದಲ್ಲವೆಂದು ಮೂರು ಪತ್ರ ಬರೆದಳು.
ಉತ್ತರ ಬಂತು: ಪರಿಶೀಲಿಸಿದ್ದೇವೆ. ನಿಮ್ಮದೇ.
ನಾಲ್ಕನೆಯದು ಸ್ಟೀರಿಂಗಿನ ಮೇಲೆ, ಅರ್ಧ.

ಕೊನೇ ಸ್ಟಾಪಿನ ಹುಡುಗ ಮೂಗೊರೆಸಿಕೊಂಡು
ತಿಂಡಿಗೆ ಕಾಸು ಕೇಳುತ್ತಾನೆ.
ನಾಳೆ ಕೊಡ್ತೀನಿ, ಆಣೆಗೂ.
ಮೊನ್ನೆಯೂ ಹಾಗೇ ಅಂದಿದ್ದ.

ಕನ್ನಡಿಯಲ್ಲೊಮ್ಮೆ ಅವನ ಮುಖ ನೋಡಿ
ಅಂಕಗಿಂಕ ಕೇಳದೆ
ಒಂದು ಡಾಲರ್ ಕೊಟ್ಟು
ಬ್ರೇಕು ಬಿಡುತ್ತಾಳೆ.